ಕೋಲಾರದ ಭಾನುವಾರದ ಅರ್ಥಶಾಸ್ತ್ರ ಬ್ಯಾಚ್: ಪಾಠಕ್ಕೆ ಕಾಸು ಕೊಡಬಹುದು, ನೋಟ್ಸ್‌ಗೆ ಬೇಡ

ನಮ್ಮ ಕಡೆ ಕೆಎಎಸ್, ಪಿಡಿಒ ಅಂತ ಸರ್ಕಾರಿ ಹುದ್ದೆಯ ಪರೀಕ್ಷೆಗೆ ಓದುವವರು ಬೆಂಗಳೂರಿನ ವಿಜಯನಗರಕ್ಕೆ ಹೋಗಿ ಪಿಜಿ ಹಿಡಿಯುವುದೇ ವಾಡಿಕೆ. ನನಗೆ ಅದು ಆಗದ ಮಾತು. ಮುಳಬಾಗಿಲು ಹತ್ತಿರದ ಹಳ್ಳಿಯಲ್ಲಿ ಹಾಲಿನ ಡೈರಿ ಕಾರ್ಯದರ್ಶಿ ನಾನು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಅಳೆಯಲೇಬೇಕು. ಹಸುವಿಗೆ ಭಾನುವಾರ ಗೊತ್ತಿಲ್ಲ. ಎರಡು ಹೊತ್ತಿನ ನಡುವೆ ಸಿಗುವ ಸಮಯಕ್ಕೆ ಸರಿಹೊಂದಿದ್ದು ಕೋಲಾರದ ಈ ಬ್ಯಾಚ್ ಒಂದೇ. ಭಾನುವಾರ ಹತ್ತರಿಂದ ಮೂರು. ಅರ್ಥಶಾಸ್ತ್ರ ಮಾತ್ರ, ಪೂರ್ತಿ ಕನ್ನಡದಲ್ಲಿ. ಫೀಸು 6,000, ಎರಡು ಕಂತು.

ಸೆಂಟರ್ ಹೆಸರು ಹಾಕುತ್ತಿಲ್ಲ. ಬೈಯುವುದೂ ಇದೆ, ಅದಕ್ಕೆ. ಡೂಮ್ ಲೈಟ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರ, ಹಾರ್ಡ್‌ವೇರ್ ಅಂಗಡಿ ಮೇಲಿನ ಮಹಡಿ. ಕೆಳಗೆ ಪೈಪ್ ಕತ್ತರಿಸುವ ಸದ್ದು ಶುರುವಾದರೆ ಮೇಷ್ಟ್ರು ಪಾಠ ನಿಲ್ಲಿಸಿ ನೀರು ಕುಡಿಯುತ್ತಾರೆ. ಹೆಣ್ಣುಮಕ್ಕಳಿಗೆ ಬೇರೆ ಟಾಯ್ಲೆಟ್ ಇಲ್ಲ. ಇದನ್ನು ಸೇರುವ ಮೊದಲೇ ಹೇಳಬೇಕಿತ್ತು, ಯಾರೂ ಹೇಳಲಿಲ್ಲ.

ಪಾಠ ಮಾತ್ರ ಚೆನ್ನಾಗಿದೆ. ಮೇಷ್ಟ್ರು ಟೊಮೆಟೊ ಮಂಡಿ ನಡೆಸುವ ಮನೆಯಲ್ಲಿ ಬೆಳೆದವರು. ಬೇಡಿಕೆ, ಪೂರೈಕೆ ಅಂದರೆ ಬೋರ್ಡ್ ಮೇಲೆ ಎರಡು ಗೆರೆ ಎಳೆದು ಮುಗಿಸುವ ಜನ ಅಲ್ಲ. ಮೊದಲ ಪಾಠವೇ ನಮ್ಮ ಎಪಿಎಂಸಿ ಯಾರ್ಡು. ಈ ಸೀಸನ್‌ನಲ್ಲಿ ರೇಟು ಏರಿತು. ಅದನ್ನು ನೋಡಿ ಊರಿಗೆ ಊರೇ ನಾಟಿ ಮಾಡಿತು. ಕಾಯಿ ಕೊಯ್ಲಿಗೆ ಬರಲು ಎರಡು, ಎರಡೂವರೆ ತಿಂಗಳು. ಅಷ್ಟರಲ್ಲಿ ಎಲ್ಲರ ಮಾಲೂ ಒಟ್ಟಿಗೆ ಯಾರ್ಡಿಗೆ ಬಂತು, ರೇಟು ಬಿತ್ತು, ರಸ್ತೆ ಬದಿ ಸುರಿದರು. ಮುಂದಿನ ಸಲ ಯಾರೂ ಹಾಕಲ್ಲ, ರೇಟು ಮತ್ತೆ ಏರುತ್ತೆ. ಇದಕ್ಕೆ ಪುಸ್ತಕದಲ್ಲಿ ಕಾಬ್‌ವೆಬ್ ಸಿದ್ಧಾಂತ ಅಂತಾರೆ ಅಂತ ಕೊನೆಗೆ ಹೆಸರು ಬರೆದರು. ಮೊದಲು ಹೆಸರು ಕೊಟ್ಟು ಆಮೇಲೆ ಉದಾಹರಣೆ ಕೊಡುವವರ ಹತ್ತಿರ ಓದಿದ್ದೇನೆ. ಪರೀಕ್ಷೆ ಹಾಲ್‌ನಲ್ಲಿ ಹೆಸರು ಮಾತ್ರ ನೆನಪಾಗುತ್ತೆ, ಬೇರೇನೂ ಬರಲ್ಲ. ನಮ್ಮ ಮನೆಯವರೂ ಟೊಮೆಟೊ ಹಾಕುತ್ತಾರೆ. ಆ ರಾತ್ರಿ ಊಟಕ್ಕೆ ಕೂತಾಗ ಈ ಪಾಠ ಒಪ್ಪಿಸಿದೆ. ‘ಇದಕ್ಕೆ ಫೀಸ್ ಬೇರೆ ಕೊಟ್ಯಾ?’ ಅಂದರು.

ಹಣದುಬ್ಬರದ ಪಾಠ ಇನ್ನೂ ಚೆನ್ನಾಗಿತ್ತು. 2023ರ ಜುಲೈ ನೆನಪಿದೆ ಅಲ್ವಾ? ಕೋಲಾರದಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ತಿಂಗಳು ದೇಶದ ಚಿಲ್ಲರೆ ಹಣದುಬ್ಬರ ಶೇ. 7.44. ರಿಸರ್ವ್ ಬ್ಯಾಂಕಿಗೆ ಕೊಟ್ಟಿರುವ ಗುರಿ ಶೇ. 4, ಆ ಕಡೆ ಈ ಕಡೆ 2. ಅಂದರೆ 6ರ ಗೆರೆ ದಾಟಿ ಹೋಗಿತ್ತು. ಮೇಷ್ಟ್ರು ಮುಂದಿನ ಬೆಂಚಿನ ಆರು ಜನರನ್ನು ಎಬ್ಬಿಸಿ, ‘ನೀವೇ ಹಣಕಾಸು ನೀತಿ ಸಮಿತಿ. ರೆಪೊ ಏರಿಸ್ತೀರೋ ಇಲ್ವೋ?’ ಅಂದರು. ರೆಪೊ ಅಂದರೆ ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಅದನ್ನು ತೀರ್ಮಾನಿಸುವುದು ಈ ಸಮಿತಿ. ಐವರು ಏರಿಸಿದರು. ‘ಬಡ್ಡಿ ಏರಿಸಿದ್ರೆ ಗಿಡದಲ್ಲಿ ಕಾಯಿ ಬೇಗ ಹಣ್ಣಾಗುತ್ತಾ?’ ಅಂದರು ಮೇಷ್ಟ್ರು. ಕ್ಲಾಸೆಲ್ಲ ನಗು. ನಿಜವಾದ ಸಮಿತಿ ಆ ಆಗಸ್ಟ್‌ನಲ್ಲಿ ರೆಪೊವನ್ನು 6.5ರಲ್ಲೇ ಬಿಟ್ಟಿತು, ಅಕ್ಟೋಬರ್‌ನಲ್ಲೂ ಮುಟ್ಟಲಿಲ್ಲ.

ಅಲ್ಲಿಂದ ಎಳೆ ಎಳೆಯಾಗಿ ಬಿಡಿಸಿದರು. ಹಣದುಬ್ಬರ ಲೆಕ್ಕ ಹಾಕಿದ, 2012ನ್ನು ಮೂಲ ವರ್ಷವಾಗಿಟ್ಟ ಆ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯಕ್ಕೆ 100ರಲ್ಲಿ ಸುಮಾರು 46 ತೂಕ. ಟೊಮೆಟೊ ಒಂದಕ್ಕೇ 0.57. ಇಷ್ಟು ಚಿಕ್ಕ ತೂಕದ ವಸ್ತು ಇಡೀ ದೇಶದ ಅಂಕಿ ಅಲ್ಲಾಡಿಸಿದ್ದು ಹೇಗೆ? ರೇಟು ಶೇ. 10, 20 ಅಲ್ಲ, ಹಲವು ಪಟ್ಟು ಏರಿತ್ತು. ಅದಕ್ಕೇ ಆಹಾರ, ಇಂಧನ ತೆಗೆದು ನೋಡುವ ಕೋರ್ ಹಣದುಬ್ಬರ ಅಂತ ಇನ್ನೊಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಹಾಗಾದರೆ ಟೊಮೆಟೊ ಏರಿದರೆ ಬ್ಯಾಂಕು ಸುಮ್ನೆ ಕೂರಬೇಕಾ ಅಂತ ಒಬ್ಬ ಹುಡುಗ ಕೇಳಿದ. ಅದೂ ಇಲ್ಲ. ಏರಿಕೆ ತುಂಬಾ ದಿನ ನಿಂತು, ಕೂಲಿಯವರು ಜಾಸ್ತಿ ಕೂಲಿ ಕೇಳಿ, ಹೋಟೆಲ್‌ನವರು ಊಟದ ರೇಟು ಏರಿಸಿದರೆ ಆಗ ಬ್ಯಾಂಕು ಮಧ್ಯೆ ಬರಬೇಕು. ರೆಪೊ ಬಗ್ಗೆ ನಾಲ್ಕು ಯೂಟ್ಯೂಬ್ ವಿಡಿಯೊ ನೋಡಿದ್ದೆ. ಇಷ್ಟು ತಲೆಗೆ ಹತ್ತಿರಲಿಲ್ಲ.

ನನಗೆ ವೈಯಕ್ತಿಕವಾಗಿ ಹಿಡಿಸಿದ್ದು ಜಿವಿಎ, ಅಂದರೆ ಒಟ್ಟು ಮೌಲ್ಯವರ್ಧನೆಯ ಪಾಠ. ಜಿಡಿಪಿಯಿಂದ ವಸ್ತುವಿನ ಮೇಲಿನ ತೆರಿಗೆ ಕಳೆದು, ಸಬ್ಸಿಡಿ ಸೇರಿಸಿದರೆ ಮೂಲ ಬೆಲೆಯ ಜಿವಿಎ. ಇದನ್ನು ಬಾಯಿಪಾಠ ಮಾಡಿದ್ದೆ. ಕಳೆಯೋದು ಯಾಕೆ, ಸೇರಿಸೋದು ಯಾಕೆ ಅಂತ ಗೊತ್ತಿರಲಿಲ್ಲ. ಮೇಷ್ಟ್ರು ನನ್ನ ಕಡೆ ತಿರುಗಿ, ‘ಡೈರಿಯವರು ಹೇಳಲಿ, ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ ಎಷ್ಟು?’ ಅಂದರು. 5 ರೂಪಾಯಿ. ಒಕ್ಕೂಟದ ದರದ ಜೊತೆ ಬರುವ ಹಣ ಅಲ್ಲ, ಬೇರೆಯಾಗಿ ಉತ್ಪಾದಕರ ಖಾತೆಗೆ ಬೀಳುತ್ತೆ. ‘ಆ 5 ರೂಪಾಯಿ ಪ್ಯಾಕೆಟ್ ಕೊಂಡವರು ಕೊಟ್ಟಿದ್ದಾ?’ ಅಲ್ಲ. ‘ಹಾಲು ಹಾಕಿದವರ ಕೈಗೆ ಬಂತಾ?’ ಬಂತು. ಅಷ್ಟೇ ವಿಷಯ. ಕೊಂಡವರು ಕೊಟ್ಟ ಬೆಲೆ ಹಿಡಿದರೆ ಜಿಡಿಪಿ, ಮಾಡಿದವರ ಕೈಗೆ ಸಿಕ್ಕಿದ್ದು ಹಿಡಿದರೆ ಜಿವಿಎ. ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬರೆಯುವ ರಿಜಿಸ್ಟರ್‌ನಲ್ಲಿ ರಾಷ್ಟ್ರೀಯ ಆದಾಯದ ಲೆಕ್ಕ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಕೆಜಿಎಫ್ ಗಣಿಯನ್ನೂ ಬಿಡಲಿಲ್ಲ. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಚಿನ್ನ ಖಾಲಿಯಾಯಿತು ಅಂತ ಅರ್ಧ ಕ್ಲಾಸ್ ಹೇಳಿತು. ಖಾಲಿಯಾಗಿರಲಿಲ್ಲ, ಅಷ್ಟು ಆಳದಿಂದ ತೆಗೆಯುವ ಖರ್ಚು ಮಾರುವ ಬೆಲೆಗಿಂತ ಜಾಸ್ತಿ ಆಗಿತ್ತು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆಯಲ್ಲ, ಅದನ್ನು ಇಟ್ಟುಕೊಂಡು ಬಾಹ್ಯತೆ ಪಾಠ, ಅಂದರೆ ಒಬ್ಬರು ಮಾಡಿದ್ದರ ಲಾಭ, ನಷ್ಟ ಬೇರೆಯವರಿಗೆ ತಟ್ಟುವುದು. ಬೋರ್‌ವೆಲ್‌ನಲ್ಲಿ ನೀರು ಬಂದವರು ಒಂದು ಕಡೆ, ಆ ನೀರನ್ನು ಇನ್ನಷ್ಟು ಶುದ್ಧ ಮಾಡುವ ಮೂರನೇ ಹಂತದ ಸಂಸ್ಕರಣೆ ಬೇಕೇ ಬೇಕು ಅನ್ನುವವರು ಇನ್ನೊಂದು ಕಡೆ. ಆ ದಿನ ಊಟದ ವಿರಾಮವೇ ಸಿಗಲಿಲ್ಲ, ಅಷ್ಟು ಜಗಳ.

ಈಗ ಬೈಗುಳ. ನೋಟ್ಸ್ ಅಂತ ಕೊಡುವ ಜೆರಾಕ್ಸ್ ಕಟ್ಟು ಹಳಸಲು. ಯೋಜನಾ ಆಯೋಗ ಹೋಗಿ 2015ರ ಜನವರಿ 1ಕ್ಕೆ ನೀತಿ ಆಯೋಗ ಬಂದಿದೆ. 12ನೇ ಪಂಚವಾರ್ಷಿಕ ಯೋಜನೆ 2017ಕ್ಕೆ ಮುಗಿದಿದೆ. ಕಟ್ಟಿನಲ್ಲಿ ಮಾತ್ರ ಪಂಚವಾರ್ಷಿಕ ಯೋಜನೆಗಳಿಗೇ ಪುಟಗಟ್ಟಲೆ ಜಾಗ. ಬಡತನದ ಅಧ್ಯಾಯ ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ ಬಡವರು ಶೇ. 21.9 ಅನ್ನುವುದಕ್ಕೆ ನಿಂತುಬಿಟ್ಟಿದೆ, ಅದು 2011-12ರ ಅಂಕಿ. ಆರೋಗ್ಯ, ಶಿಕ್ಷಣ, ಜೀವನಮಟ್ಟ ನೋಡಿ ಬಡತನ ಅಳೆಯುವ ಬಹು ಆಯಾಮದ ಬಡತನ ಸೂಚ್ಯಂಕಕ್ಕೆ ಅರ್ಧ ಪುಟ, ಅದರಲ್ಲೂ 10 ಸೂಚಕ ಅಂತ ಬರೆದಿದೆ. ಜಾಗತಿಕ ಸೂಚ್ಯಂಕಕ್ಕೆ 10 ಸರಿ. ನಮ್ಮ ನೀತಿ ಆಯೋಗದ್ದಕ್ಕೆ ತಾಯಿಯ ಆರೋಗ್ಯ, ಬ್ಯಾಂಕ್ ಖಾತೆ ಸೇರಿ 12. ಅದರ ಪ್ರಕಾರ ದೇಶದ ಬಡವರ ಪ್ರಮಾಣ 2015-16ರಲ್ಲಿ ಶೇ. 24.85 ಇದ್ದದ್ದು 2019-21ಕ್ಕೆ 14.96ಕ್ಕೆ ಇಳಿದಿದೆ. ಇಂಥದ್ದೇ ಅಲ್ವಾ ಪ್ರಿಲಿಮ್ಸ್‌ನಲ್ಲಿ ಕೇಳೋದು? ಒಂದು ತಪ್ಪು ಉತ್ತರಕ್ಕೆ ಕೆಎಎಸ್‌ನಲ್ಲಿ ಕಾಲು ಭಾಗ ಅಂಕ ಹೋಗುತ್ತೆ, ಯುಪಿಎಸ್‌ಸಿಯಲ್ಲಿ ಮೂರನೇ ಒಂದು ಭಾಗ. ಬಾಯಲ್ಲಿ ಇಷ್ಟು ಚೆನ್ನಾಗಿ ಪಾಠ ಮಾಡುವವರು ಕೈಗೆ ಇಂಥ ಕಾಗದ ಯಾಕೆ ಕೊಡುತ್ತಾರೋ. ಟೈಪ್ ಮಾಡಿಸಿದವರು ಈಗ ಕೆಲಸದಲ್ಲಿಲ್ಲವಂತೆ. ಇದು ಆಫೀಸಿನವರ ಉತ್ತರ.

ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗೆಗಿನ ನಂಜುಂಡಪ್ಪ ವರದಿಯ ಪುಟಗಳಷ್ಟೇ ಸರಿಯಾಗಿವೆ. 114 ಹಿಂದುಳಿದ ತಾಲ್ಲೂಕು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಎಂಟು ವರ್ಷಕ್ಕೆ 31,000 ಕೋಟಿಯ ವಿಶೇಷ ಯೋಜನೆ. ಎಲ್ಲ ಇದೆ. ವರದಿ ಬಂದ 2002ರಲ್ಲಿ ಕೋಲಾರ ಅಂದರೆ ಚಿಕ್ಕಬಳ್ಳಾಪುರವೂ ಸೇರಿ, ಅದು ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ, ಕೋಷ್ಟಕ ನೋಡುವಾಗ ಹುಷಾರು ಅಂತ ಮೇಷ್ಟ್ರು ಪೆನ್ನಿನಲ್ಲಿ ಅಂಚಿಗೆ ಬರೆದಿದ್ದಾರೆ. ಆ ಕೈಬರಹವೂ ಜೆರಾಕ್ಸ್ ಆಗಿದೆ.

ಇನ್ನೊಂದು ಕೊರತೆ. ಮಂಡಿಯಿಂದ ದೂರ ಹೋದಷ್ಟೂ ಪಾಠ ಸೊರಗುತ್ತೆ. ಪಾವತಿ ಶಿಲ್ಕು (ಹೊರದೇಶಗಳ ಜೊತೆಗಿನ ಹಣದ ಲೆಕ್ಕ), ವಿನಿಮಯ ದರ, ಎರಡೂ ಒಂದೇ ಮಧ್ಯಾಹ್ನ ಮುಗಿದುಹೋದವು. ಸರ್ಕಾರ ಸಾಲದಿಂದ ತುಂಬಿಸಬೇಕಾದ ವಿತ್ತೀಯ ಕೊರತೆಯಿಂದ ಬಡ್ಡಿ ಪಾವತಿ ಕಳೆದರೆ ಪ್ರಾಥಮಿಕ ಕೊರತೆ ಅಂತ ಹೇಳಿದರು. ಅದು ಯಾಕೆ ಮುಖ್ಯ ಅಂತ ಹೇಳಲಿಲ್ಲ. ಮೇನ್ಸ್ ಉತ್ತರ ಬರೆಸುವುದು, ತಿದ್ದುವುದು ಇಲ್ಲವೇ ಇಲ್ಲ. ಪಾಂಪ್ಲೆಟ್‌ನಲ್ಲಿ ಇದೆ ಅಂತ ಹಾಕಿದ್ದಾರೆ.

ರಸೀದಿಯನ್ನು ಕೇಳಿ ತೆಗೆದುಕೊಳ್ಳಿ, ತಾವಾಗಿ ಕೊಡಲ್ಲ. ಜಿಎಸ್‌ಟಿ ಪಾಠದ ದಿನ ಒಬ್ಬರು ‘ಕೋಚಿಂಗ್‌ಗೆ ಶೇ. 18 ಇದೆಯಲ್ಲ ಸರ್, ನಮ್ಮ ಬಿಲ್ ಎಲ್ಲಿ?’ ಅಂದರು. ವರ್ಷಕ್ಕೆ 20 ಲಕ್ಷದೊಳಗಿನ ಸೇವೆಗೆ ನೋಂದಣಿ ಬೇಡ ಅಂತ ಅದನ್ನೂ ಪಾಠ ಮಾಡಿಬಿಟ್ಟರು.

ಕನ್ನಡ ಮೀಡಿಯಂನಲ್ಲಿ ಓದಿ, ಅರ್ಥಶಾಸ್ತ್ರ ಅಂದರೆ ಬೆವರುವವರು ಧೈರ್ಯವಾಗಿ ಸೇರಿ. ಬಿಎ, ಬಿಕಾಂನಲ್ಲಿ ಅರ್ಥಶಾಸ್ತ್ರ ಓದಿದವರಿಗೆ ಬೇಡ, ಅರ್ಧ ದಿನ ಆಕಳಿಸುತ್ತೀರಿ. ಅಂಕಿ ಅಂಶಕ್ಕೆ ಕರ್ನಾಟಕ ಆರ್ಥಿಕ ಸಮೀಕ್ಷೆ ಕನ್ನಡದಲ್ಲೇ ಬಿಟ್ಟಿ ಸಿಗುತ್ತೆ, ಡೌನ್‌ಲೋಡ್ ಮಾಡಿಕೊಳ್ಳಿ. ಎರಡನೇ ಕಂತು ಕಟ್ಟುವ ಮೊದಲು ಬಡತನದ ಅಧ್ಯಾಯ ಹೊಸದಾಗಿ ಟೈಪ್ ಮಾಡಿಸಿ ಕೊಡಿ ಅಂತ ಕೇಳಿ. ನಾವು ಐದಾರು ಜನ ಕೇಳಿದ್ದೇವೆ. ನೀವೂ ಕೇಳಿದರೆ ಮಾಡಿಸಿಯಾರು.