ಲೋಗೋ ಸ್ಪರ್ಧೆಯ ಬಹುಮಾನವೋ, ಕಾಮನ್ಸ್‌ನ ಗುಣಮಟ್ಟದ ಮುದ್ರೆಯೋ: ಎರಡು ವರ್ಷ ವೆಕ್ಟರ್ ಚಿತ್ರ ಕಳಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಮುಕ್ತ ಭಂಡಾರವಾದ ವಿಕಿಮೀಡಿಯ ಕಾಮನ್ಸ್ ಕಡೆಗೆ. ಅಲ್ಲಿ ಬಹುಮಾನ ಅಂತ ಒಂದು ರೂಪಾಯಿಯೂ ಬರುವುದಿಲ್ಲ. ನಾನು ಶುರು ಮಾಡಿದ್ದು ಮಾತ್ರ ಬಹುಮಾನದ ಆಸೆಗೇ, ಆ ಆಸೆಗೆ ಕೈಯಿಂದ ದುಡ್ಡೂ ಹಾಕಿದ್ದೆ. ಎರಡು ವರ್ಷ ಬೇರೆ ಬೇರೆ ಕಡೆ ವೆಕ್ಟರ್ ಚಿತ್ರ, ಅಂದರೆ ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗಳ ಚಿತ್ರ, ಕಳಿಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಾನು ದಾವಣಗೆರೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ಲಗ್ನಪತ್ರಿಕೆ, ಬಿಲ್ ಬುಕ್ಕು, ಫ್ಲೆಕ್ಸು. ಅಲ್ಲಿ ಚಿತ್ರ ಬರೆಯುವ ತಂತ್ರಾಂಶ ಕೋರೆಲ್‌ಡ್ರಾ. ಮನೆಯಲ್ಲಿ 4 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪು, ಅದರಲ್ಲಿ ಇಂಕ್‌ಸ್ಕೇಪ್. ಅದು ಉಚಿತ, ತಿಂಗಳಿಗಿಷ್ಟು ಅಂತ ಕಟ್ಟುವ ತಂತ್ರಾಂಶ ನನ್ನ ಸಂಬಳಕ್ಕೆ ಹೊಂದುವುದಿಲ್ಲ. ಊಟ ಆದಮೇಲೆ ಒಂದು ಗಂಟೆ, ಭಾನುವಾರ ಮಧ್ಯಾಹ್ನ ಎರಡು ಗಂಟೆ ನನ್ನ ಕೈಯಲ್ಲಿರುವ ಸಮಯ. ಕೆಳಗೆ ಹೇಳುವುದೆಲ್ಲ ಆ ಲೆಕ್ಕದ ಮೇಲೆ ನಿಂತದ್ದು.

ಮೊದಲು ಹೋದದ್ದು ಲೋಗೋ ಸ್ಪರ್ಧೆ ನಡೆಸುವ ಒಂದು ಜಾಲತಾಣಕ್ಕೆ. ಗಿರಾಕಿ ತನಗೆ ಬೇಕಾದದ್ದನ್ನು ಬರೆದು ಬಹುಮಾನದ ಮೊತ್ತ ಕಟ್ಟುತ್ತಾನೆ. ಹತ್ತಾರು ಜನ, ಕೆಲವೊಮ್ಮೆ ನೂರಾರು ಜನ ಲೋಗೋ ಮಾಡಿ ಹಾಕುತ್ತಾರೆ. ಅವನು ಒಂದನ್ನು ಆರಿಸುತ್ತಾನೆ, ದುಡ್ಡು ಆ ಒಬ್ಬರಿಗೆ. ಉಳಿದವರ ರಾತ್ರಿಗಳಿಗೆ ಕೂಲಿ ಇಲ್ಲ. ಇದು ಗೊತ್ತಿದ್ದೇ ಹೋದೆ. ಹೊರದೇಶದಲ್ಲಿರುವ ಕನ್ನಡದವರೊಬ್ಬರು ಗಾಣದ ಎಣ್ಣೆ ಮಾರಾಟಕ್ಕೆ ಕನ್ನಡ ಅಕ್ಷರದ ಲೋಗೋ ಕೇಳಿದ್ದರು. ಹದಿನಾಲ್ಕು ವರ್ಷ ಕನ್ನಡ ಅಕ್ಷರ ಕೂರಿಸಿದ ಕೈ ನನ್ನದು, ಇದು ನನಗೇ ಬಂದ ಕೆಲಸ ಅನ್ನಿಸಿತು. ಬಳಸುವ ಫಾಂಟಿಗೆ ವಾಣಿಜ್ಯ ಪರವಾನಗಿ ಇರಬೇಕೆಂಬುದು ಷರತ್ತು. ದಪ್ಪನೆಯ, ದುಂಡನೆಯ ಒಂದು ಕನ್ನಡ ಫಾಂಟನ್ನು 2,800 ರೂಪಾಯಿ ಕೊಟ್ಟು ಕೊಂಡೆ.

ಲೋಗೋ ಚೆನ್ನಾಗಿಯೇ ಬಂದಿತ್ತು. ‘ಎಣ್ಣೆ’ಯ ಒತ್ತಿನ ತುದಿಗೆ ಒಂದು ಹನಿ ತೂಗುವ ಹಾಗೆ ಇಟ್ಟಿದ್ದೆ, ಈಗಲೋ ಆಗಲೋ ಬೀಳುವ ಹನಿ. ಅಡಿಬರಹವನ್ನು ಆಮೇಲೆ ಬದಲಾಯಿಸಬೇಕಾಗಬಹುದು, ಅಕ್ಷರ ತಿದ್ದಲು ಬರುವ ಹಾಗಿರಲಿ ಎಂದು ಗಿರಾಕಿ ಬರೆದಿದ್ದರು. ಹಾಗಾಗಿ ಅಕ್ಷರಗಳನ್ನು ಅಕ್ಷರಗಳಾಗಿಯೇ ಬಿಟ್ಟು ವೆಕ್ಟರ್ ಚಿತ್ರದ ಎಸ್‌ವಿಜಿ ಫೈಲು ಹಾಕಿ ಮಲಗಿದೆ.

ಬೆಳಿಗ್ಗೆ ಪ್ರೆಸ್ಸಿಗೆ ಹೊರಡುವ ಮುಂಚೆ ಫೋನಿನಲ್ಲಿ ನೋಡಿದರೆ ಎದೆ ಧಸಕ್ಕೆಂದಿತು. ನನ್ನ ಲೋಗೋ ಇದ್ದ ಜಾಗದಲ್ಲಿ ಇಂಗ್ಲಿಷಿನ ಬಿಡಿ ಅಕ್ಷರಗಳು, ನಡುವೆ ಒಂದು ಪೌಂಡ್ ಗುರುತು, ತಲೆಯ ಮೇಲೆ ಗೀಟು ಹೊತ್ತ ಎರಡು ‘ಎ’. ಅದರ ಕೆಳಗೆ, ಯಾವುದಕ್ಕೂ ಅಂಟಿಕೊಳ್ಳದೆ, ನನ್ನ ಹನಿ. ಗಿರಾಕಿಯ ಉತ್ತರ ಒಂದೇ ಸಾಲು, ಇದು ಕನ್ನಡ ಅಲ್ಲ ಎಂದು. ಪಕ್ಕದಲ್ಲಿ ‘ತಿರಸ್ಕೃತ’ ಎಂಬ ಗುರುತು. ಮಧ್ಯಾಹ್ನದ ಬಿಡುವಿನಲ್ಲಿ ಸರಿಮಾಡಿದ ಫೈಲು ಹಾಕಿ, ಆದದ್ದೇನೆಂದು ವಿವರವಾಗಿ ಬರೆದೆ. ಉತ್ತರ ಬರಲಿಲ್ಲ. ಕೇಳೋಣವೆಂದರೆ ಅಲ್ಲಿ ಮೇಲೆ ಯಾರೂ ಇಲ್ಲ; ತೀರ್ಪುಗಾರನೂ ಗಿರಾಕಿಯೇ. ನಾಲ್ಕು ದಿನಕ್ಕೆ ಸ್ಪರ್ಧೆ ಮುಗಿಯಿತು.

ಆದದ್ದು ಇಷ್ಟು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನಮ್ಮ ಡಿಟಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ತಲೆಕಟ್ಟು ಒಂದು ಮನೆಯಲ್ಲಿ, ಒತ್ತು ಇನ್ನೊಂದರಲ್ಲಿ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ, ಉಳಿದ ಕಡೆ ಇಂಗ್ಲಿಷಿನ ಹೊಟ್ಟು. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳ ಕೇರಿಯಿದೆ, ಅಲ್ಲಿ ಈ ಗೊಂದಲವಿಲ್ಲ. ನಾನು ಕೊಂಡದ್ದು ಹಳೆಯ ಜಾತಿಯ ಫಾಂಟು. ಕೊಳ್ಳುವಾಗ ಅಕ್ಷರದ ಅಂದ ನೋಡಿದೆ, ಒಳಗಿನ ಸಂಕೇತ ಯಾವುದೆಂದು ಕೇಳಲಿಲ್ಲ. ಅಕ್ಷರವನ್ನು ಅಕ್ಷರವಾಗಿಯೇ ಬಿಟ್ಟರೆ ಎಸ್‌ವಿಜಿ ಫೈಲಿನೊಳಗೆ ಸಾಮಾನ್ಯವಾಗಿ ಅದರ ಆಕಾರ ಇರುವುದಿಲ್ಲ. ಸಂಕೇತಗಳ ಸಾಲು ಮತ್ತು ಫಾಂಟಿನ ಹೆಸರು ಇಷ್ಟೇ ಇರುತ್ತದೆ. ಆ ಹೆಸರಿನ ಫಾಂಟು ಆಚೆ ಕಡೆ ಇಲ್ಲದಿದ್ದರೆ ಆ ಕಂಪ್ಯೂಟರು ತನಗೆ ತೋಚಿದ್ದನ್ನು ಹಾಕುತ್ತದೆ.

ಪ್ರೆಸ್ಸಿನಲ್ಲಿ ಇದಕ್ಕೆ ಮದ್ದು ಎಲ್ಲರಿಗೂ ಗೊತ್ತು, ಕರ್ವ್ ಮಾಡುವುದು. ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ, ಇಂಕ್‌ಸ್ಕೇಪ್‌ನಲ್ಲಿ ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್. ಅಕ್ಷರ ಅಕ್ಷರವಾಗಿ ಉಳಿಯದೆ ಗೆರೆಯಾಗುತ್ತದೆ, ಯಾವ ಊರಿನ ಕಂಪ್ಯೂಟರಿನಲ್ಲಿ ತೆರೆದರೂ ಹಾಗೇ ಕಾಣುತ್ತದೆ. ‘ಕರ್ವ್ ಮಾಡಿ ಕಳಿಸ್ರೀ ಸರ’ ಅಂತ ದಿನಕ್ಕೆ ಹತ್ತು ಸಲ ಫೋನಿನಲ್ಲಿ ಹೇಳುವವನು ನಾನು. ಹೀಗಾಗಿ ನನ್ನ ಸಲಹೆ ಇಷ್ಟೇ: ದುಡ್ಡಿನ ಸ್ಪರ್ಧೆಗೆ ಕನ್ನಡ ಅಕ್ಷರ ಕಳಿಸುವುದಾದರೆ, ಗಿರಾಕಿ ಏನೇ ಬರೆದಿರಲಿ, ಕರ್ವ್ ಮಾಡಿದ ಫೈಲನ್ನೇ ಮೊದಲು ಕಳಿಸಿ. ತಿದ್ದಲು ಬರುವ ಫೈಲು ಗೆದ್ದ ಮೇಲಿನ ಮಾತು.

ಸರ್ಕಾರಿ ಸ್ಪರ್ಧೆಗಳದು ಬೇರೆ ದಾರಿ. ಆ ಆಸೆ ಹುಟ್ಟಿಸಿದ್ದು ರೂಪಾಯಿ ಚಿಹ್ನೆ. ದೇವನಾಗರಿಯ ‘ರ’ವನ್ನೂ ರೋಮನ್ ‘ಆರ್’ಅನ್ನೂ ಒಂದಾಗಿಸಿದ ಡಿ. ಉದಯ ಕುಮಾರ್ ಅವರ ವಿನ್ಯಾಸವನ್ನು ಕೇಂದ್ರ ಸರ್ಕಾರ 2010ರ ಜುಲೈ 15ರಂದು ಒಪ್ಪಿಕೊಂಡಿತು, ಬಹುಮಾನ ಎರಡೂವರೆ ಲಕ್ಷ ರೂಪಾಯಿ. ಸ್ವಚ್ಛ ಭಾರತದ ಕನ್ನಡಕದ ಲೋಗೋ ಮಾಡಿದವರು ಕೊಲ್ಹಾಪುರದ ಅನಂತ ಖಾಸಬಾರದಾರ್, ಅದೂ 2014ರಲ್ಲಿ ಸಾರ್ವಜನಿಕರಿಂದ ಕರೆದ ಸ್ಪರ್ಧೆಯಲ್ಲೇ. ಕೊಲ್ಹಾಪುರದವರಿಗೆ ಆಗುವುದು ದಾವಣಗೆರೆಯವರಿಗೆ ಏಕಾಗಬಾರದು ಎಂದುಕೊಂಡು ಒಂದು ಇಲಾಖೆಯ ಲೋಗೋಗೆ ಕಳಿಸಿದೆ. ತಲುಪಿತು ಎಂಬ ಮಿಂಚಂಚೆ ಬಂತು. ಎಂಟು ತಿಂಗಳ ಮೇಲೆ ಗೆದ್ದ ಲೋಗೋವನ್ನು ಪತ್ರಿಕೆಯಲ್ಲಿ ನೋಡಿದೆ. ನನ್ನದರಲ್ಲಿ ಏನು ಕಮ್ಮಿ ಎಂದು ಹೇಳುವವರು ಯಾರೂ ಇರಲಿಲ್ಲ, ಆ ಮೌನವೇ ನನಗೆ ಸೋಲಿಗಿಂತ ಹೆಚ್ಚು ಬೇಸರ ತಂದದ್ದು. ಒಂದೇ ಒಂದು ಗೆಲುವಿಗಾಗಿ ದೇಶಕ್ಕೆ ದೇಶವೇ ಸಾಲು ನಿಂತಿರುವ ಕಡೆ ಕಲಿಯುವುದಕ್ಕೆ ಜಾಗವಿಲ್ಲ.

ಇಂಕ್‌ಸ್ಕೇಪ್‌ನವರದೇ ಅಬೌಟ್ ಸ್ಕ್ರೀನ್ ಸ್ಪರ್ಧೆ ನನಗೆ ಬಹಳ ಇಷ್ಟ, ಆದರೆ ನನ್ನ ಲ್ಯಾಪ್‌ಟಾಪಿಗಲ್ಲ. ಹೊಸ ಆವೃತ್ತಿ ಬರುವಾಗ, ಅಂದರೆ 2020ರ 1.0, 2022ರ 1.2, 2023ರ 1.3ರಂಥವು, ಬಳಕೆದಾರರಿಂದ ಚಿತ್ರ ಕರೆಯುತ್ತಾರೆ. ಇಂಕ್‌ಸ್ಕೇಪ್‌ನಲ್ಲೇ ಬರೆದಿರಬೇಕು, ಮುಕ್ತ ಪರವಾನಗಿಯಲ್ಲಿ ಕೊಡಬೇಕು. ಸಮುದಾಯದ ಮತ ಬಿದ್ದು ಗೆದ್ದ ಚಿತ್ರ ಹೆಲ್ಪ್ ಮೆನುವಿನ ಅಬೌಟ್ ಒತ್ತಿದವರಿಗೆಲ್ಲ ಕಾಣುತ್ತದೆ. ಅಲ್ಲಿ ನನಗೆ ದಕ್ಕಿದ ಲಾಭ ಬೇರೆಯವರ ಫೈಲುಗಳು. ಎಸ್‌ವಿಜಿ ಇಳಿಸಿಕೊಂಡು ಬಿಚ್ಚಿ ನೋಡಬಹುದು: ಮಂಜಿನ ಪದರ ಹೇಗೆ ಹಾಕಿದ್ದಾರೆ, ನೀರಿನ ಹೊಳಪಿಗೆ ಬಣ್ಣ ಮೆಲ್ಲಗೆ ಬದಲಾಗುವ ಗ್ರೇಡಿಯಂಟ್ ಎಷ್ಟು ಇಟ್ಟಿದ್ದಾರೆ, ಗೆರೆಯನ್ನು ಹಿಡಿದಿಡುವ ಬಿಂದು, ಅಂದರೆ ನೋಡ್, ಎಲ್ಲೆಲ್ಲಿ ಉಳಿಸಿದ್ದಾರೆ. ಒಂದು ಬೆಟ್ಟದ ಚಿತ್ರ ಬಿಚ್ಚಿ ಮೂರು ರಾತ್ರಿ ಕಲಿತೆ. ನಾನೇ ಅಂಥದ್ದು ಬರೆಯಲು ಕೂತಾಗ ಬ್ಲರ್ ಹಾಕಿದ ಪ್ರತಿ ಸಲ ಪರದೆ ನಿಂತುಬಿಡುತ್ತಿತ್ತು, ಅರ್ಧಕ್ಕೇ ಬಿಟ್ಟೆ. ಒಳ್ಳೆಯ ಯಂತ್ರವಿದ್ದು ದೃಶ್ಯ ಬರೆಯುವ ಕೈಯಿದ್ದರೆ ಖಂಡಿತ ಹೋಗಿ.

ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆಯಾದ ಡೆಬಿಯನ್‌ನವರೂ ಪ್ರತಿ ಆವೃತ್ತಿಯ ಅಲಂಕಾರವನ್ನು ಮತ ಹಾಕಿಸಿ ಆರಿಸುತ್ತಾರೆ. ಡೆಸ್ಕ್‌ಟಾಪು, ಲಾಗಿನ್ನು, ಬೂಟ್ ಪರದೆ ಎಲ್ಲಕ್ಕೂ ಬರೆಯಬೇಕು, ನನ್ನ ಸಮಯಕ್ಕೆ ಮೀರಿದ್ದು.

ಇನ್ನು ಕಾಮನ್ಸ್. ಇದು ಸ್ಪರ್ಧೆ ಎನ್ನುವುದಕ್ಕಿಂತ ಪರೀಕ್ಷೆ. ಅಲ್ಲಿ ಎರಡು ಮೆಟ್ಟಿಲು. ಗುಣಮಟ್ಟದ ಚಿತ್ರ ಎಂಬ ಮುದ್ರೆಗೆ ಸದಸ್ಯರೇ ಮಾಡಿದ ಚಿತ್ರವನ್ನು ಮುಂದಿಡಬೇಕು. ಒಬ್ಬರು ಪರೀಕ್ಷಿಸಿ ಒಪ್ಪಿ, ಬೇರೆ ಯಾರೂ ಆಕ್ಷೇಪ ಎತ್ತದಿದ್ದರೆ ಮುದ್ರೆ ಸಿಗುತ್ತದೆ. ಅದರ ಮೇಲಿನದು ವಿಶೇಷ ಚಿತ್ರ. ಒಂಬತ್ತು ದಿನ ಮತ ನಡೆಯುತ್ತದೆ, ಕಡಿಮೆಯೆಂದರೆ ಏಳು ಬೆಂಬಲ ಬೀಳಬೇಕು, ಬೆಂಬಲ ವಿರೋಧದ ಎರಡರಷ್ಟಾದರೂ ಇರಬೇಕು. ವಿರೋಧಿಸಿದವರು ಕಾರಣ ಬರೆಯುತ್ತಾರೆ. ಅದೇ ನನಗೆ ಬೇಕಾಗಿದ್ದದ್ದು.

ನಾನು ಕಳಿಸಿದ್ದು ಕೂರಿಗೆಯ ಚಿತ್ರ. ಅಪ್ಪ ಹರಪನಹಳ್ಳಿ ಕಡೆಯ ಹಳ್ಳಿಯಲ್ಲಿ ಬಿತ್ತುತ್ತಿದ್ದ ಮೂರು ತಾಳಿನ ಕೂರಿಗೆ ಈಗ ಅಟ್ಟದ ಮೇಲಿದೆ. ಇಳಿಸಿ, ಅಳತೆ ತೆಗೆದು, ದಿಂಡು, ತಾಳು, ಬಿದಿರಿನ ಕೊಳವೆ, ಬೀಜ ಬಿಡುವ ಬಟ್ಟಲು, ಈಸು, ನೊಗ ಎಲ್ಲವನ್ನೂ ಬರೆದೆ, ಪಕ್ಕದಲ್ಲಿ ಹೆಸರು, ಬಾಣದ ಗೆರೆ. ಸುಟ್ಟ ಅನುಭವವಿತ್ತಲ್ಲ, ಅಕ್ಷರವನ್ನೆಲ್ಲ ಕರ್ವ್ ಮಾಡಿಯೇ ಹಾಕಿದೆ.

ಪರೀಕ್ಷಿಸಿದವರು ಗೆರೆಗಳನ್ನು ಮೆಚ್ಚಿ, ಅಕ್ಷರವನ್ನು ಮಾತ್ರ ಬಿಚ್ಚಲು ಹೇಳಿದರು. ಇಲ್ಲಿ ಹೆಸರುಗಳು ಅಕ್ಷರಗಳಾಗಿಯೇ ಇರಲಿ, ಬೇರೆ ಭಾಷೆಯವರು ಅವುಗಳ ಜಾಗದಲ್ಲಿ ತಮ್ಮ ಪದ ಹಾಕಿಕೊಳ್ಳಬೇಕು ಎಂದು. ಎಸ್‌ವಿಜಿಯಲ್ಲಿ ಒಂದೇ ಫೈಲಿನೊಳಗೆ ಹಲವು ಭಾಷೆಯ ಹೆಸರು ಇಡಬಹುದು, ನೋಡುವವರ ಭಾಷೆಗೆ ತಕ್ಕ ಹಾಗೆ ಕಾಣಿಸುತ್ತದೆ ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷದ ಪ್ರೆಸ್ಸಿನ ಅಭ್ಯಾಸಕ್ಕೆ ಇದು ಪೂರ್ತಿ ವಿರುದ್ಧ. ಯೂನಿಕೋಡ್ ಫಾಂಟಿನಲ್ಲಿ ಮತ್ತೆ ಬರೆದು ಹಾಕಿದೆ. ನಾನು ಹೆಸರಿಸಿದ ಫಾಂಟು ಅಲ್ಲಿನ ಸರ್ವರಿನಲ್ಲಿ ಇರಲಿಲ್ಲ, ಬದಲಿಗೆ ಬಂದ ಫಾಂಟು ಸ್ವಲ್ಪ ಅಗಲ. ‘ಬಟ್ಟಲು’ ಹೋಗಿ ಬಾಣದ ಮೇಲೆ ಕೂತಿತ್ತು. ಇನ್ನೊಬ್ಬರು ಫಾಂಟು ಬದಲಾಯಿಸಲು ಹೇಳಿ, ಹೆಸರಿನ ಸುತ್ತ ಎಷ್ಟು ಜಾಗ ಬಿಡಬೇಕೆಂದು ಗುರುತು ಮಾಡಿ ತೋರಿಸಿದರು. ಅಕ್ಷರದ ತೊಡಕು ಎರಡೂ ಕಡೆ ಒಂದೇ. ಮೊದಲನೆಯ ಕಡೆ ತಿರಸ್ಕೃತ ಎಂಬ ಗುರುತು ಸಿಕ್ಕಿತು, ಇಲ್ಲಿ ನಾಲ್ಕು ಸಾಲಿನ ಪಾಠ ಸಿಕ್ಕಿತು. ಮೂರನೆಯ ಸಲಕ್ಕೆ ಗುಣಮಟ್ಟದ ಮುದ್ರೆ ಬಿತ್ತು.

ತಿಂಗಳಾದ ಮೇಲೆ ಫೈಲಿನ ಇತಿಹಾಸ ನೋಡುತ್ತೇನೆ, ಯಾರೋ ತೆಲುಗು ಹೆಸರುಗಳನ್ನು ಸೇರಿಸಿದ್ದಾರೆ. ನಮ್ಮ ಕೂರಿಗೆ ಅವರಲ್ಲಿ ಗೊರ್ರು. ಅವರ ಮುಖ ನೋಡಿಲ್ಲ, ಊರು ಗೊತ್ತಿಲ್ಲ. ಅಪ್ಪನ ಕೂರಿಗೆಯ ಪಕ್ಕದಲ್ಲಿ ಅವರ ಅಪ್ಪನ ಮಾತು ಬಂದು ಕೂತಿದೆ. ಕರ್ವ್ ಮಾಡಿ ಬಿಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಬಿಟ್ಟಿ ಕೊಟ್ಟೆಯಲ್ಲ, ಯಾರಾದರೂ ಮಾರಿಕೊಂಡರೆ ಅಂತ ನಮ್ಮ ಪ್ರೆಸ್ಸಿನ ಮಾಲೀಕರು ಕೇಳಿದರು. ನಾನು ಆರಿಸಿದ ಮುಕ್ತ ಪರವಾನಗಿಯಲ್ಲಿ ಮಾರುವುದಕ್ಕೂ ಅನುಮತಿ ಇದೆ. ಹೆಸರು ಹಾಕಬೇಕು, ಬದಲಾಯಿಸಿದ್ದನ್ನು ಅದೇ ಷರತ್ತಿನಲ್ಲಿ ಕೊಡಬೇಕು, ಅಷ್ಟೇ. ಅದಕ್ಕೆ ನಾನು ಒಪ್ಪಿಯೇ ಹಾಕಿದ್ದು. ಚಿತ್ರ ಬದುಕಿರಬೇಕಾದರೆ ಬೇರೆಯವರ ಕೈ ಸೋಕಬೇಕು. ನಮ್ಮ ಹರಪನಹಳ್ಳಿಯನ್ನೇ ನೋಡಿ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ವೆಕ್ಟರ್ ನಕ್ಷೆಯಾದರೆ ಒಂದು ಗೆರೆ ಸರಿಸಿದರೆ ಆಯಿತು, ಅದನ್ನು ಯಾರು ಬೇಕಾದರೂ ಸರಿಸಬಹುದು.

ತೊಂದರೆ ಇಲ್ಲವೆಂದಲ್ಲ. ಚರ್ಚೆ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಮೊದಲೆರಡು ಉತ್ತರ ಬರೆಯಲು ಮಗಳ ಸಹಾಯ ಬೇಕಾಯಿತು. ಛಾಯಾಚಿತ್ರಗಳ ಭರಾಟೆಯಲ್ಲಿ ರೇಖಾಚಿತ್ರ ನೋಡುವ ಕಣ್ಣು ಕಡಿಮೆ.

ದುಡ್ಡೇ ಬೇಕಿದ್ದರೆ? ನನ್ನ ಲೆಕ್ಕದಲ್ಲಿ ಅದಕ್ಕೂ ಸ್ಪರ್ಧೆ ದಾರಿಯಲ್ಲ. ಲೋಗೋ ಸ್ಪರ್ಧೆಗಳಿಗೆ ಹನ್ನೊಂದು ಸಲ ಕಳಿಸಿ ಒಮ್ಮೆಯೂ ಗೆಲ್ಲಲಿಲ್ಲ, ಫಾಂಟಿನ 2,800 ಕೈ ಬಿಟ್ಟಿತು. ಅಷ್ಟೇ ಭಾನುವಾರಗಳಲ್ಲಿ ಹೊರಗಿನ ಲಗ್ನಪತ್ರಿಕೆ ಮಾಡಿದ್ದರೆ ಮಗಳ ಟ್ಯೂಷನ್ ಫೀಸು ಬರುತ್ತಿತ್ತು. ಈಗ ಮದುವೆ ಸೀಸನ್ನಿನ ಭಾನುವಾರ ಪತ್ರಿಕೆಗೆ, ಉಳಿದ ರಾತ್ರಿಗಳು ಕಾಮನ್ಸ್‌ಗೆ.

ಕೂರಿಗೆಯನ್ನು ವಿಶೇಷ ಚಿತ್ರಕ್ಕೂ ಇಟ್ಟಿದ್ದೆ. ಐದು ಬೆಂಬಲ, ಎರಡು ವಿರೋಧ, ಏಳು ತುಂಬಲಿಲ್ಲ. ವಿರೋಧಿಸಿದ ಒಬ್ಬರು ಕೇಳಿದ ಪ್ರಶ್ನೆ ಸರಿಯಾಗಿತ್ತು: ಈಸು ನೊಗದ ಮೇಲೆ ಸುಮ್ಮನೆ ಕೂತಿದೆಯಲ್ಲ, ಅದನ್ನು ಕಟ್ಟುವುದು ಯಾವುದರಿಂದ? ಅಪ್ಪನಿಗೆ ಫೋನು ಮಾಡಿದೆ. ‘ಮಿಣಿ ಎಲ್ಲೋ ಬಿಟ್ಟೀಯಲ್ಲೋ’ ಅಂದ. ಈ ಭಾನುವಾರ ಊರಿಗೆ ಹೋಗಿ, ಅವನ ಕೈಯಲ್ಲೇ ಕಟ್ಟಿಸಿ, ಗಂಟನ್ನು ಹತ್ತಿರದಿಂದ ನೋಡಿ ಬರೆಯಬೇಕು.