ಜೆಟ್ ಸ್ಕೀಗೆ ಮೂರು ಪಂಪು, ಎರಡು ಪೆಟ್ರೋಲು: ತುಮಕೂರಿನ ಶೆಡ್ಡಿನಲ್ಲಿ ಹಾಕಿ ನೋಡಿದ್ದು

ನನ್ನ ಕೆಲಸದ ಮೇಜಿನ ಮೇಲೆ ಒಂದು ಪಿಸ್ಟನ್ ಇಟ್ಟುಕೊಂಡಿದ್ದೇನೆ. ಅದರ ಒಂದು ಅಂಚು ಇಲಿ ಕಡಿದ ಬೆಲ್ಲದಚ್ಚಿನ ಹಾಗಿದೆ. ಕಳೆದ ವರ್ಷ ಮಂಗಳೂರಿನ ಪಣಂಬೂರಿನ ಸಮುದ್ರದಲ್ಲಿ ನನ್ನ ಭಾಮೈದನ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡಿಸುವ ಸ್ಕೂಟರು, ನಿಂತುಹೋಯಿತು. ಟ್ರೇಲರಿನಲ್ಲಿ ಎಳೆದು ತಂದು ಬಿಚ್ಚಿದಾಗ ಸಿಕ್ಕಿದ್ದು ಇದು.

ತುಮಕೂರಿನ ಅಂತರಸನಹಳ್ಳಿಯಲ್ಲಿ ನನ್ನದು ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಅದಕ್ಕೆ ಪೆಟ್ರೋಲ್ ಒತ್ತುವ ಫ್ಯೂಯಲ್ ಪಂಪು ರಿಪೇರಿ ಮಾಡುವ ಶೆಡ್ಡು. ಬರುವುದೆಲ್ಲ ಕಾರು, ಬೈಕು. ಭಾಮೈದನಿಗೆ ರೇಸಿನ ಹುಚ್ಚು ಹತ್ತಿದ ಮೇಲೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇರುವ ಈ ಸ್ಕೀಯೂ ಬಂತು. ಮೂರು ಸಿಲಿಂಡರ್, ಒಂದೂವರೆ ಲೀಟರ್ ಎಂಜಿನ್. ಕಂಪನಿಯಿಂದ ಬಂದಾಗ 260 ಅಶ್ವಶಕ್ತಿ ಇತ್ತು. ನಾವು ಸೂಪರ್‌ಚಾರ್ಜರಿನ ಚಕ್ರ ದೊಡ್ಡದು ಹಾಕಿದೆವು, ಇಂಜೆಕ್ಟರ್ ದೊಡ್ಡದು ಹಾಕಿದೆವು, ಗಾಳಿಯ ಒತ್ತಡ ಏರಿದಷ್ಟೂ ಪೆಟ್ರೋಲ್ ಪ್ರೆಷರ್ ಏರಿಸುವ ರೆಗ್ಯುಲೇಟರ್ ಹಾಕಿದೆವು. ಪಂಪು ಮಾತ್ರ ಹಳೆಯದೇ ಉಳಿಯಿತು.

ಮೊದಲು ಓಡಿಸಿ ನೋಡಿದ್ದು ಗುಬ್ಬಿ ಕಡೆಯ ಒಂದು ಕೆರೆಯಲ್ಲಿ. ಕುಡಿಯುವ ನೀರಿನ ಕೆರೆಯಲ್ಲ, ಪಂಚಾಯಿತಿಗೆ ಹೇಳಿಯೇ ಇಳಿಸಿದ್ದೆವು. ಅಲ್ಲಿ ಎಲ್ಲ ಸರಿ ಇತ್ತು. ಸಮುದ್ರಕ್ಕೆ ಹೋದರೆ ಎರಡನೇ ಸುತ್ತಿಗೇ, "ಭಾವ, ಮೇಲಕ್ಕೆ ಹೋಗ್ತಾನೇ ಇಲ್ಲ, ಎಳೆತ ಬಿಟ್ಟುಬಿಡ್ತು" ಅಂದ. ಮೂರನೇ ಸುತ್ತಿಗೆ ನಿಂತೇ ಹೋಯಿತು.

ಕಾರಣ ಹುಡುಕುತ್ತ ಕೂತಾಗ ಹೊಳೆದದ್ದು ನಮ್ಮ ಊರಿನ ಎತ್ತರ. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಇಲ್ಲಿಯ ಗಾಳಿ ಕರಾವಳಿಗಿಂತ ನೂರಕ್ಕೆ ಎಂಟರಷ್ಟು ತೆಳು. ಪಣಂಬೂರಿನಲ್ಲಿ ಅದೇ ಎಂಜಿನ್ ಅಷ್ಟು ಜಾಸ್ತಿ ಗಾಳಿ ನುಂಗುತ್ತದೆ, ಅಷ್ಟು ಜಾಸ್ತಿ ಪೆಟ್ರೋಲ್ ಕೇಳುತ್ತದೆ. ಪಂಪಿಗೆ ಕೊಡಲಾಗದಿದ್ದರೆ ಎಂಜಿನ್ ಲೀನ್ ಆಗುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಸಾಮಾನ್ಯ ಎಂಜಿನ್ ಲೀನ್ ಆದರೆ ಮುಗ್ಗರಿಸುತ್ತದೆ, ಅಷ್ಟೇ. ಸೂಪರ್‌ಚಾರ್ಜರ್ ಇರುವ ಎಂಜಿನ್ ಪಿಸ್ಟನ್ನನ್ನೇ ಕರಗಿಸುತ್ತದೆ. ಅದಕ್ಕೇ ಈ ಹೋಲಿಕೆಗೆ ಕೂತೆ.

ಲೆಕ್ಕ ಹೀಗಿತ್ತು. ಬದಲಾಯಿಸಿದ ಮೇಲೆ ಈ ಎಂಜಿನ್ನಿಗೆ ಫುಲ್ ಥ್ರಾಟಲಿನಲ್ಲಿ ನಿಮಿಷಕ್ಕೆ ಸುಮಾರು 2 ಲೀಟರ್ ಬೇಕು. 60 ಲೀಟರ್ ಟ್ಯಾಂಕು ಅರ್ಧ ಗಂಟೆಯಲ್ಲಿ ಖಾಲಿ. ಪ್ರೆಷರ್ ಮಾಮೂಲಿಯಾಗಿ 4 ಬಾರ್, ಅಂದರೆ 58 ಪಿಎಸ್‌ಐ. ಸೂಪರ್‌ಚಾರ್ಜರ್ 1 ಬಾರ್ ಗಾಳಿ ತುಂಬುವಾಗ ಪೆಟ್ರೋಲ್ 5 ಬಾರಿಗೆ, ಅಂದರೆ 72 ಪಿಎಸ್‌ಐಗೆ ಏರಬೇಕು. ಇಲ್ಲದಿದ್ದರೆ ಒಳಗಿನ ಗಾಳಿಯೇ ಇಂಜೆಕ್ಟರಿಗೆ ಎದುರು ಒತ್ತುತ್ತದೆ. ಆದರೆ ಪ್ರೆಷರ್ ಏರಿದಷ್ಟೂ ಪಂಪು ಕೊಡುವ ಪೆಟ್ರೋಲ್ ಕಮ್ಮಿಯಾಗುತ್ತದೆ. ಎಂಜಿನ್ ಅತಿ ಹೆಚ್ಚು ಕೇಳುವ ಹೊತ್ತಿಗೇ ಪಂಪು ಅತಿ ಕಮ್ಮಿ ಕೊಡುವುದು.

ಶೆಡ್ಡಿನ ಹೊರಗೆ ಬಯಲಿನಲ್ಲಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು, ಪಂಪುಗಳನ್ನು ಒಂದೊಂದಾಗಿ ಅಳೆದೆ. 13.5 ವೋಲ್ಟ್, 5 ಬಾರ್, 30 ಸೆಕೆಂಡು. ಹಳೆಯ ಪಂಪು 940 ಮಿಲಿ ಕೊಟ್ಟಿತು. ಅಂದರೆ ನಿಮಿಷಕ್ಕೆ 1.9 ಲೀಟರಿಗೂ ಸ್ವಲ್ಪ ಕಮ್ಮಿ. ಕೆರೆಗೆ ಸಾಕು, ಸಮುದ್ರಕ್ಕೆ ಸಾಲದು. ಪಂಪಿನ ತಪ್ಪೇನೂ ಇಲ್ಲ. ಮೊದಲಿದ್ದ ಎಂಜಿನ್ನಿಗೆ ಅದು ಧಾರಾಳವಾಗಿತ್ತು. ಏನೂ ಬದಲಾಯಿಸದೆ ಓಡಿಸುವವರು ಅದನ್ನೇ ಇಟ್ಟುಕೊಳ್ಳಲಿ, ಸುಮ್ನೆ ದುಡ್ಡು ಹಾಕಬೇಡಿ.

ಎರಡನೆಯದು ಟ್ಯಾಂಕಿನೊಳಗೇ ಕೂರುವ ದೊಡ್ಡ ಪಂಪು, ಗಂಟೆಗೆ 255 ಲೀಟರಿನದು ಎಂದು ಮಾರುವ ಜಾತಿ. ಆ 255 ಕಡಿಮೆ ಪ್ರೆಷರಿನ ಲೆಕ್ಕ, ಅದನ್ನು ನಂಬಿ ಕೂರಬಾರದು. 5 ಬಾರಿನಲ್ಲಿ ನನಗೆ ಸಿಕ್ಕಿದ್ದು 30 ಸೆಕೆಂಡಿಗೆ 1,600 ಮಿಲಿ. ಆದರೂ ಬೇಕಾದ್ದಕ್ಕಿಂತ ಒಂದೂವರೆ ಪಟ್ಟು. ಖುಷಿಯಾಗಿ ಹಾಕಿ ಕೆರೆಗೆ ಇಳಿಸಿದೆವು. ಗೇಜಿನ ಎದುರು ಚಿಕ್ಕ ಕ್ಯಾಮೆರಾ ಕಟ್ಟಿದ್ದೆ. ದಡಕ್ಕೆ ಬಂದು ನೋಡಿದರೆ ಮುಳ್ಳು 72ಕ್ಕೆ ಹೋಗಿ, ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗುವ ಹತ್ತಿರ ಮೆಲ್ಲಗೆ 66ಕ್ಕೆ ಇಳಿಯುತ್ತಿತ್ತು.

ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಪಂಪಿನ ಕನೆಕ್ಟರಿಗೇ ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 13.7 ವೋಲ್ಟ್, ಪಂಪಿನ ಹತ್ತಿರ 11.4. ಹಳೆಯ ಪಂಪು ಎಳೆಯುತ್ತಿದ್ದುದು 5 ಆಂಪಿಯರ್, ಇದು ಎಳೆಯುವುದು 10. ಕಂಪನಿಯ ಸಣ್ಣ ವೈರು ಅಷ್ಟನ್ನು ತಾಳಿಕೊಳ್ಳುತ್ತಿರಲಿಲ್ಲ. ಬ್ಯಾಟರಿಯಿಂದ ನೇರ 4 ಚದರ ಮಿಲಿಮೀಟರಿನ ವೈರು ಎಳೆದು, ಫ್ಯೂಸು ರಿಲೇ ಕೊಟ್ಟೆ. ತವರ ಲೇಪ ಇರುವ ತಾಮ್ರದ ವೈರೇ ಬೇಕು. ಬರೀ ತಾಮ್ರ ಉಪ್ಪುನೀರಿಗೆ ಒಂದೇ ಮಳೆಗಾಲದಲ್ಲಿ ಹಸಿರು ಪುಡಿಯಾಗುತ್ತದೆ. ಆಮೇಲೆ ಮುಳ್ಳು ಅಲ್ಲಾಡಲಿಲ್ಲ. ದೊಡ್ಡ ಪಂಪು ಕೊಳ್ಳುವವರು ವೈರಿನ ಖರ್ಚನ್ನೂ ಅದರ ಬೆಲೆಗೇ ಸೇರಿಸಿಕೊಳ್ಳಿ. ಇನ್ನೊಂದು ಸಣ್ಣ ಕೊರತೆ ಇದೆ. ನಿಧಾನ ಓಡುವಾಗ ಉಳಿದ ಪೆಟ್ರೋಲ್ ಸುತ್ತಿ ಸುತ್ತಿ ಟ್ಯಾಂಕಿಗೆ ಬಂದು ಬಿಸಿಯಾಗುತ್ತದೆ. ಟ್ಯಾಂಕು ಕಾಲು ಭಾಗ ಇದ್ದಾಗ ಕೈಗೇ ಗೊತ್ತಾಗುತ್ತದೆ.

ಮೂರನೆಯದು ರೇಸಿನವರು ಮೆಚ್ಚುವ ದಾರಿ. ಹಳೆಯ ಪಂಪು ಒಂದೂವರೆ ಲೀಟರಿನ ಸಣ್ಣ ಸರ್ಜ್ ಟ್ಯಾಂಕಿಗೆ ತುಂಬುತ್ತದೆ, ಅಲ್ಲಿಂದ ಹೊರಗಿನ ಇನ್ನೊಂದು ಪಂಪು ಇಂಜೆಕ್ಟರಿಗೆ ಒತ್ತುತ್ತದೆ. ರೇಸಿನ ದಾರಿಗೆ ಗುರುತಾಗಿ ತೇಲಿಬಿಟ್ಟ ಬೋಯ್ ಸುತ್ತಿ ತಿರುಗುವಾಗ ಟ್ಯಾಂಕಿನ ಪೆಟ್ರೋಲ್ ಒಂದು ಪಕ್ಕಕ್ಕೆ ಓಡುತ್ತದಲ್ಲ, ಆಗ ಮಾಮೂಲಿ ಪಂಪು ಗಾಳಿ ಎಳೆಯುತ್ತದೆ. ಇದರಲ್ಲಿ ಆ ಕಾಟ ಇಲ್ಲವೇ ಇಲ್ಲ. ಪ್ರೆಷರ್ ನೋಡಿದರೆ ಮೂರರಲ್ಲಿ ಇದೇ ಮೇಲು.

ಆದರೂ ನಾನು ತೆಗೆದು ಹಾಕಿದೆ. ಇದಕ್ಕೆ ಆರು ಜಾಯಿಂಟ್ ಜಾಸ್ತಿ, ಎಲ್ಲವೂ ಮುಚ್ಚಿದ ಹೊಟ್ಟೆಯೊಳಗೆ. ಕುಣಿಗಲ್, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಟ್ರೇಲರಿನ ಕುಲುಕಾಟಕ್ಕೆ ಒಂದು ಕ್ಲಿಪ್ಪು ಸಡಿಲವಾಗಿತ್ತು. ಸೀಟು ಎತ್ತಿದರೆ ಪೆಟ್ರೋಲ್ ವಾಸನೆ ಗಪ್ಪೆಂದು ಮುಖಕ್ಕೆ ಬಂತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಹಾಗೇ ಸ್ಟಾರ್ಟ್ ಒತ್ತಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಯಾವ ಪಂಪೇ ಇರಲಿ, ಸೀಟು ಎತ್ತಿ ಮೂಸಿ ನೋಡದೆ ಕೀಲಿ ತಿರುಗಿಸಬೇಡಿ. ತಿರುವಿನಲ್ಲಿ ಗಾಳಿ ಎಳೆಯದಿರಲು ಟ್ಯಾಂಕಿನಲ್ಲಿ 15 ಲೀಟರ್ ಜಾಸ್ತಿ ಇಟ್ಟರೆ ಭಾರ 11 ಕೆಜಿ ಏರುತ್ತದೆ. ಅದನ್ನು ಹೊರುವುದೇ ವಾಸಿ. ಭಾಮೈದ ಇದನ್ನು ಇನ್ನೂ ಒಪ್ಪಿಲ್ಲ.

ಇನ್ನು ಪೆಟ್ರೋಲ್. ನಮ್ಮ ಬಂಕುಗಳ ಮಾಮೂಲಿ ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಎಥನಾಲ್. ಇದಕ್ಕೆ ಎದುರಾಗಿ ನೋಡಿದ್ದು 100 ಆಕ್ಟೇನಿನ ಎಕ್ಸ್‌ಪಿ100, ಇಂಡಿಯನ್ ಆಯಿಲ್ 2020ರಲ್ಲಿ ತಂದದ್ದು. ಆಕ್ಟೇನ್ ಅಂದರೆ ಪೆಟ್ರೋಲ್ ಒತ್ತಡಕ್ಕೆ ತಾನಾಗಿ ಸಿಡಿಯದೆ ತಾಳುವ ಶಕ್ತಿಯ ಅಳತೆ. ಅದಕ್ಕಾಗಿ ಟ್ರೇಲರ್ ಸಮೇತ ಬೆಂಗಳೂರಿಗೆ ಹೋಗಿ ಸ್ಕೀ ಟ್ಯಾಂಕಿಗೇ ತುಂಬಿಸಿದೆವು. ಗಾಜಿನ ಅಳತೆ ಜಾಡಿಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ ಕುಲುಕಿ ಇಟ್ಟೆ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರುತ್ತದೆ. ಮಾಮೂಲಿ ಪೆಟ್ರೋಲಿನ ಜಾಡಿಯಲ್ಲಿ ತಳದ ನೀರಿನ ಗೆರೆ 27ಕ್ಕೆ ಏರಿತು. 100 ಆಕ್ಟೇನಿನದು 10ರಲ್ಲೇ ನಿಂತಿತು.

ಎಥನಾಲ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದು ಒಳಗೆ ಹೋಗುವ ಗಾಳಿಯನ್ನು ತಂಪು ಮಾಡುತ್ತದೆ, ನಾಕಿಂಗ್, ಅಂದರೆ ಪೆಟ್ರೋಲ್ ಹಾಗೆ ತಾನಾಗಿ ಸಿಡಿಯುವುದನ್ನೂ ತಡೆಯುತ್ತದೆ. ಆದರೆ ಅಷ್ಟೇ ಗಾಳಿಗೆ ನೂರಕ್ಕೆ ಎಂಟರಷ್ಟು ಜಾಸ್ತಿ ಪೆಟ್ರೋಲ್ ಬೇಕು. ನೀರು ಹೀರುವ ಗುಣವೂ ಇದೆ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಇಡುವಂತಿಲ್ಲ. ಎಡವುವುದು ಎಲ್ಲಿ ಅಂದರೆ, ಮ್ಯಾಪ್ (ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಅಂತ ಎಂಜಿನ್ನಿನ ಕಂಪ್ಯೂಟರಿಗೆ ಕೊಡುವ ಲೆಕ್ಕ) ಒಂದಕ್ಕೆ ಮಾಡಿ ಇನ್ನೊಂದನ್ನು ತುಂಬುವುದರಲ್ಲಿ. ಪಣಂಬೂರಿನಲ್ಲಿ ನಾವು ಮಾಡಿದ್ದೂ ಅದೇ. ಮ್ಯಾಪ್ ಇದ್ದದ್ದು 100ಕ್ಕೆ. ಟ್ಯಾಂಕು ಕಮ್ಮಿಯಿದೆ ಅಂತ ದಾರಿಯಲ್ಲಿ ಮಾಮೂಲಿ ಪೆಟ್ರೋಲ್ ಹಾಕಿಸಿದ್ದು ನಾನೇ. ಸೋತ ಪಂಪಿನ ಮೇಲೆ ಅದೊಂದು ಹೊರೆ. ಈಗ ರೇಸಿಗೆ 100 ಮಾತ್ರ, ಮಾಮೂಲಿಗಿಂತ ಲೀಟರಿಗೆ 50 ರೂಪಾಯಿಗೂ ಜಾಸ್ತಿ ಆದರೂ. ಅಭ್ಯಾಸಕ್ಕೆ ಮಾಮೂಲಿ, ಅದಕ್ಕೆ ಬೇರೆ ಮ್ಯಾಪ್. ಟ್ಯಾಂಕಿನ ಮುಚ್ಚಳದ ಮೇಲೆ ಯಾವುದು ಒಳಗಿದೆ ಎಂದು ಟೇಪ್ ಅಂಟಿಸಿ ಬರೆದಿಡುತ್ತೇವೆ.

ಉಳಿದ ನಿಗಾ ಇಷ್ಟೇ. ಸಮುದ್ರದಿಂದ ಬಂದ ಮೇಲೆ ತೊಳೆಯಲು ನಮ್ಮ ಬೋರಿನ ಗಡಸು ನೀರು ಬೇಡ, ಸುಣ್ಣ ಕಟ್ಟುತ್ತದೆ. ನಾನು ಹಿಡಿದಿಟ್ಟ ಮಳೆನೀರು ಬಳಸುತ್ತೇನೆ. ಎಂಜಿನ್ ಶುರುವಾದ ಮೇಲೆ ನೀರು ಬಿಡಿ, ನೀರು ನಿಲ್ಲಿಸಿದ ಮೇಲೆ ಎಂಜಿನ್ ಆರಿಸಿ. ತಿರುಗುಮುರುಗಾದರೆ ನೀರು ಸಿಲಿಂಡರಿಗೆ ಹೋಗುತ್ತದೆ.

ಇಂಜೆಕ್ಟರ್‌ಗಳನ್ನು ಮಾತ್ರ ಪ್ರತಿ ಸೀಸನ್ ಬಿಚ್ಚಿ ಮೆಷಿನ್ನಿಗೆ ಹಾಕಿ ಅಳೆಯಿರಿ. ನಮ್ಮ ಮೂರರಲ್ಲಿ ಎರಡು ಸಮ ಇದ್ದವು, ಒಂದು ನೂರಕ್ಕೆ ಏಳರಷ್ಟು ಕಮ್ಮಿ ಉಗುಳುತ್ತಿತ್ತು. ಕರಗಿದ ಪಿಸ್ಟನ್ ಅದೇ ಸಿಲಿಂಡರಿನದು. ಪೆಟ್ರೋಲ್ ಸಾಲದೆ ಅದರ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಸುಣ್ಣದಂತೆ ಬೆಳ್ಳಗಿತ್ತು, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಅಲ್ಯುಮಿನಿಯಂ ಚುಕ್ಕೆಗಳು.

ದೊಡ್ಡ ಪಂಪು, ದಪ್ಪ ವೈರು, 100 ಆಕ್ಟೇನ್ ಇಟ್ಟುಕೊಂಡು ಡಿಸೆಂಬರಿನಲ್ಲಿ ಮತ್ತೆ ಪಣಂಬೂರಿಗೆ ಹೋಗಿದ್ದೆವು. ಐದು ಸುತ್ತು ಓಡಿಸಿದ. ಗೇಜು 72 ಬಿಟ್ಟು ಕದಲಲಿಲ್ಲ. ಮರಳಿನ ಮೇಲೆ ಗೋಣಿಚೀಲ ಹಾಸಿ ಮೂರೂ ಪ್ಲಗ್ ಬಿಚ್ಚಿದೆ. ಎರಡು ಹಾಲು ಜಾಸ್ತಿ ಹಾಕಿದ ಟೀ ಬಣ್ಣಕ್ಕಿದ್ದವು. ಮೂರನೆಯದು ಒಂದು ಚೂರು ಬಿಳಿಚಿಕೊಂಡಿತ್ತು. ಅದರ ಇಂಜೆಕ್ಟರ್ ಈಗ ಮತ್ತೆ ಮೆಷಿನ್ನಿನ ಮೇಲಿದೆ.