ಸ್ವಿಸ್ ಪಾಸ್‌ನಲ್ಲೇ ಮಿಲಾನ್‌ವರೆಗೆ ಕಳಿಸುತ್ತೇವೆ ಅನ್ನುವ ಏಜೆಂಟರನ್ನು ನಂಬಬೇಡಿ

ಕುಟುಂಬದ ಜೊತೆ ಸ್ವಿಟ್ಜರ್ಲೆಂಡ್‌ನಿಂದ ಇಟಲಿಗೆ ರೈಲಿನಲ್ಲಿ ಹೋಗುವ ಯೋಚನೆ ಇದೆಯಾ? ಏಜೆಂಟ್‌ಗೆ ದುಡ್ಡು ಹಾಕುವ ಮೊದಲು ದಯವಿಟ್ಟು ಇದನ್ನು ಓದಿ. ನಮಗೆ ಮೂರು ಸುಳ್ಳು ಹೇಳಿ ದುಡ್ಡು ತೆಗೆದುಕೊಂಡಿದ್ದಾರೆ. ಸ್ವಿಟ್ಜರ್ಲೆಂಡ್ ಒಳಗೆ ಓಡಾಡಲು ಪ್ರವಾಸಿಗರು ಕೊಳ್ಳುವ ಸ್ವಿಸ್ ಟ್ರಾವೆಲ್ ಪಾಸ್ ಒಂದರಲ್ಲೇ ಇಟಲಿಯ ಮಿಲಾನ್‌ವರೆಗೂ ಹೋಗಬಹುದು ಅಂದರು. ಹೋಗಲು ಆಗುವುದಿಲ್ಲ. ಮಕ್ಕಳ ಪಾಸ್‌ಗೆ ಅರ್ಧ ರೇಟು ಅಂದರು. ಅದು ಪೂರ್ತಿ ಉಚಿತ. ಆಲ್ಪ್ಸ್ ಬೆಟ್ಟ ಹತ್ತಿ ಇಟಲಿಗೆ ಇಳಿಯುವ ಬರ್ನಿನಾ ಎಕ್ಸ್‌ಪ್ರೆಸ್ ರೈಲಿನ ಗಾಜಿನ ಬೋಗಿಯಲ್ಲಿ ಸೀಟ್ ಇದೆ ಅಂದರು. ಸೀಟ್ ಬುಕ್ಕೇ ಮಾಡಿರಲಿಲ್ಲ.

ಏಜೆನ್ಸಿ ಬೆಂಗಳೂರಿನದು. ಗ್ರಾಹಕ ದೂರು ಹಾಕಿದ್ದೇವೆ, ಹಾಗಾಗಿ ಹೆಸರು ಬರೆಯುತ್ತಿಲ್ಲ. ಆದರೆ ಇಂಥ ಪ್ಯಾಕೇಜ್ ಮಾರುವವರು ಇವರೊಬ್ಬರೇ ಅಲ್ಲ. ನಮ್ಮ ಪಕ್ಕದ ಅಪಾರ್ಟ್‌ಮೆಂಟ್‌ನವರಿಗೂ ಬೇರೆ ಏಜೆನ್ಸಿಯವರು ಮಕ್ಕಳ ಪಾಸ್‌ಗೆ ದುಡ್ಡು ಹಾಕಿದ್ದಾರೆ.

ಹೋದವರು ಆರು ಜನ. ನಾನು, ನಮ್ಮ ಯಜಮಾನರು, ಎಂಟು ವರ್ಷದ ಮಗಳು, ಹನ್ನೆರಡರ ಮಗ, ಅತ್ತೆ, ಮಾವ. ಮಾವ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಬರ್ನಿನಾ ಲೈನ್ ನೋಡಬೇಕು ಅನ್ನುವುದು ಅವರ ಬಹಳ ವರ್ಷದ ಆಸೆ. ಕಡಿದಾದ ಏರಿಗೆ ಹಾಕುವ ಹಲ್ಲಿನ ಹಳಿ ಇಲ್ಲದೆ ಬರೀ ಮಾಮೂಲಿ ಹಳಿಯ ಮೇಲೆ ರೈಲು 2253 ಮೀಟರ್ ಎತ್ತರಕ್ಕೆ ಹತ್ತುತ್ತದೆ. ಮೊಮ್ಮಕ್ಕಳಿಗೆ ಹೋಗುವ ಮೊದಲೇ ಪಾಠ ಶುರು ಮಾಡಿದ್ದರು: ನಮ್ಮ ಸಕಲೇಶಪುರದ ಘಾಟ್‌ನಲ್ಲಿ 50 ಅಡಿ ಹೋದರೆ ಒಂದು ಅಡಿ ಏರು, ಅಲ್ಲಿ ಕೆಲವು ಕಡೆ 14 ಅಡಿಗೇ ಒಂದು ಅಡಿ ಏರು ಅಂತ. ಆ ಒಂದು ದಿನಕ್ಕಾಗಿಯೇ ನಾವು ವಿಮಾನ ಬಿಟ್ಟು ರೈಲು ಆರಿಸಿಕೊಂಡಿದ್ದು. ಇದನ್ನು ಏಜೆನ್ಸಿಯ ಹುಡುಗನಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ.

ಅವನು ಹೇಳಿದ್ದು ವಾಟ್ಸ್‌ಆ್ಯಪ್‌ನಲ್ಲಿ ಈಗಲೂ ಇದೆ. "ಮೇಡಂ, ನೀವು ತಲೆನೇ ಕೆಡಿಸ್ಕೋಬೇಡಿ. ಒಂದು ಪಾಸ್, ಎರಡು ದೇಶ. ಅಂಕಲ್‌ಗೆ ವಿಂಡೋ ಸೀಟೇ ಹಾಕಿಸ್ತೀನಿ."

ಅಂಕಲ್‌ಗೆ ವಿಂಡೋ ಸೀಟ್! ಈ ಸಾಲು ಓದಿದಾಗಲೆಲ್ಲ ಮೈ ಉರಿಯುತ್ತದೆ.

ವೋಚರ್ ಯಾವಾಗ ಕೊಡುತ್ತಾರೆ ಗೊತ್ತಲ್ವಾ? ಫ್ಲೈಟ್‌ನ ಹಿಂದಿನ ರಾತ್ರಿ. ಬ್ಯಾಗ್ ತೂಕ ನೋಡುವ ಗಡಿಬಿಡಿಯಲ್ಲಿ ಇರುವಾಗ ಒಂದು ದೊಡ್ಡ ಪಿಡಿಎಫ್ ಬಂತು. ಬರ್ನಿನಾ ಪುಟದಲ್ಲಿ "ಪನೋರಮಾ ಸೀಟ್ ಕನ್ಫರ್ಮ್ಡ್" ಅಂತ ಇತ್ತು, ಅಂದರೆ ಆ ಗಾಜಿನ ಬೋಗಿಯ ಸೀಟ್. ಬೋಗಿ ನಂಬರ್ ಇಲ್ಲ, ಸೀಟ್ ನಂಬರ್ ಇಲ್ಲ. ಆಗಲೇ ಕೇಳಿದೆ. "ಅಲ್ಲಿ ಹಾಗೇ ಮೇಡಂ, ಪಾಸ್ ತೋರಿಸಿದ್ರೆ ಅವರೇ ಕೂರಿಸ್ತಾರೆ" ಅಂದ.

ಜ್ಯೂರಿಕ್, ಲುಸರ್ನ್‌ನಲ್ಲಿ ಏನೂ ತೊಂದರೆ ಆಗಲಿಲ್ಲ. ಸ್ವಿಸ್ ಟ್ರಾವೆಲ್ ಪಾಸ್ ಒಳ್ಳೆಯದೇ, ಅದನ್ನು ದೂರುವುದಿಲ್ಲ. ರೈಲು, ಬಸ್ಸು, ಸರೋವರದ ದೋಣಿ, ಊರಿನ ಟ್ರಾಮ್ ಎಲ್ಲದಕ್ಕೂ ನಡೆಯುತ್ತದೆ. ಹತ್ತಿ ಕೂತರೆ ಆಯಿತು. ಎಲ್ಲ ಕಡೆ ನಡೆದದ್ದು ಮುಂದೆಯೂ ನಡೆಯುತ್ತದೆ ಅಂತಲೇ ಅಲ್ವಾ ಯಾರಾದರೂ ಅಂದುಕೊಳ್ಳುವುದು?

ಬರ್ನಿನಾ ಎಕ್ಸ್‌ಪ್ರೆಸ್ ಹೊರಡುವ ಖೂರ್ ಸ್ಟೇಷನ್. ಬೆಳಗ್ಗೆ. ಪ್ಲಾಟ್‌ಫಾರ್ಮ್‌ನಲ್ಲಿ ಕೆಂಪು ರೈಲು ನಿಂತಿತ್ತು. ಕಿಟಕಿಯ ಗಾಜು ಚಾವಣಿಯವರೆಗೂ ಬಾಗಿ ಹೋಗಿದೆ. ಮಕ್ಕಳು ಫೋಟೋಗೆ ನಿಂತರು. ಅತ್ತೆ ತಿಂಡಿಯ ಡಬ್ಬಿ ಕೈಯಲ್ಲೇ ಇಟ್ಟುಕೊಂಡಿದ್ದರು, ಕೂತ ತಕ್ಷಣ ಎಲ್ಲರಿಗೂ ಕೊಡೋಣ ಅಂತ. ಬಾಗಿಲ ಬಳಿ ಇದ್ದ ಕಂಡಕ್ಟರ್ ಹೆಂಗಸು ಪಾಸ್ ನೋಡಿದರು. ಸರಿ ಅಂದರು. ಆಮೇಲೆ ಕೇಳಿದರು, ಸೀಟ್ ನಂಬರ್ ಯಾವುದು?

ವೋಚರ್ ತೋರಿಸಿದೆ. ಅವರು ಅದನ್ನು ಮೇಲೆ ಕೆಳಗೆ ಮಾಡಿ ನೋಡಿದರು. ಇದು ನಮ್ಮ ರೈಲ್ವೆಯ ಕಾಗದವೇ ಅಲ್ಲ ಅಂದರು. ಪಾಸ್ ಈ ಲೈನಿಗೆ ನಡೆಯುತ್ತದೆ, ಆದರೆ ಪನೋರಮಾ ಬೋಗಿಗೆ ಸೀಟ್ ರಿಸರ್ವೇಶನ್ ಕಡ್ಡಾಯ, ಅದಕ್ಕೆ ಬೇರೆ ದುಡ್ಡು ಕಟ್ಟಿರಬೇಕು ಅಂದರು. ಕೌಂಟರ್‌ಗೆ ಓಡಿದೆ. ಅವತ್ತಿಗೆ ಆರು ಸೀಟ್ ಇರಲಿಲ್ಲ. ನಾನು ಇನ್ನೂ ಕೌಂಟರ್‌ನಲ್ಲಿ ಇರುವಾಗಲೇ ರೈಲು ಹೊರಟುಹೋಯಿತು. ನಮ್ಮ ಬಿಲ್‌ನಲ್ಲಿ ಆರು ಪನೋರಮಾ ಸೀಟಿನ ದುಡ್ಡು ಇದೆ. ಆರೂ ಸೀಟಿನದು! ಆ ದುಡ್ಡು ಯಾರ ಜೇಬಿಗೆ ಹೋಯಿತು?

ಅದೇ ಕೌಂಟರ್‌ನಲ್ಲಿ ಇನ್ನೊಂದು ವಿಷಯ ಹೊರಗೆ ಬಂತು. ಮಕ್ಕಳ ಪಾಸ್‌ಗೂ ಅರ್ಧ ದುಡ್ಡು ಕೊಟ್ಟಿದ್ದೇವೆ ಅಂತ ನಾನು ಹೇಳಿದೆ. ಕೌಂಟರ್‌ನವರು ಮಕ್ಕಳ ಕಾರ್ಡ್ ತಿರುಗಿಸಿ ನೋಡಿ, ಇದು ಸ್ವಿಸ್ ಫ್ಯಾಮಿಲಿ ಕಾರ್ಡ್, ಉಚಿತ ಅಂದರು. ಅಪ್ಪ ಅಥವಾ ಅಮ್ಮನ ಹತ್ತಿರ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ 6ರಿಂದ 15 ವರ್ಷದ ಮಕ್ಕಳಿಗೆ ಅದು ದುಡ್ಡಿಲ್ಲದೆ ಸಿಗುತ್ತದೆ. ಕೇಳಿದರೆ ಸಾಕು. ಆ ಹುಡುಗ ಉಚಿತ ಕಾರ್ಡನ್ನು ಕೇಳಿ ತೆಗೆದುಕೊಂಡು, ನಮಗೆ ಮಾರಿದ್ದಾನೆ. ಮಕ್ಕಳ ಹೆಸರಲ್ಲಿ!

ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ ಎಂಟೂವರೆ ಅಂದರೆ ಬೆಂಗಳೂರಿನಲ್ಲಿ ಮಧ್ಯಾಹ್ನ ಹನ್ನೆರಡು. ಆಫೀಸ್ ತೆರೆದೇ ಇರುತ್ತದೆ. ಎತ್ತಲಿಲ್ಲ. ಮೆಸೇಜ್‌ಗೆ ಬ್ಲೂ ಟಿಕ್ ಬಂತು, ಉತ್ತರ ಬರಲಿಲ್ಲ. ಯಜಮಾನರು ಬೇರೆ ನಂಬರ್‌ನಿಂದ ಮಾಡಿದರು, ತಕ್ಷಣ ಎತ್ತಿದ! "ಸರ್, ನಾವು ಹೇಳಿದ್ದು ಬರ್ನಿನಾ ರೂಟ್. ಯಾವ ರೈಲಲ್ಲಿ ಹೋದ್ರೂ ವ್ಯೂ ಒಂದೇ ಅಲ್ವಾ ಸರ್?" ಅಂದ.

ವ್ಯೂ ಒಂದೇ, ನಿಜ. ಅದೇ ಹಳಿಯ ಮೇಲೆ ಮಾಮೂಲಿ ರೈಲೂ ಹೋಗುತ್ತದೆ, ಅದಕ್ಕೆ ರಿಸರ್ವೇಶನ್ ಬೇಡ. ನಾವು ಅದರಲ್ಲೇ ಹೋದೆವು. 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆ, ಮೇಲೆ ಹಿಮ, ಬ್ರೂಸಿಯೊದಲ್ಲಿ ರೈಲು ತನ್ನದೇ ಸೇತುವೆಯ ಕೆಳಗೆ ಸುತ್ತಿ ಬರುವುದು, ಎಲ್ಲ ನೋಡಿದೆವು. ಆ ರೈಲು ಚೆನ್ನಾಗಿಯೇ ಇದೆ. ಆದರೆ ಸೇಂಟ್ ಮೊರಿಟ್ಜ್‌ನಲ್ಲಿ ಸೂಟ್‌ಕೇಸ್ ಎಲ್ಲ ಇಳಿಸಿ ಇನ್ನೊಂದು ರೈಲು ಹಿಡಿಯಬೇಕಾಯಿತು. ಅತ್ತೆಗೆ ಮಂಡಿ ನೋವು. ಇದನ್ನು ಮೊದಲೇ ಹೇಳಿದ್ದರೆ ನಾವೇ ಮಾಮೂಲಿ ರೈಲನ್ನು ಒಪ್ಪಿಕೊಂಡು ಸಾಮಾನು ಕಡಿಮೆ ತರುತ್ತಿದ್ದೆವು. ಗಾಜಿನ ಬೋಗಿಯ ದುಡ್ಡು ತೆಗೆದುಕೊಂಡು ಮಾಮೂಲಿ ರೈಲಿಗೆ ಕಳಿಸಿ, ಆಮೇಲೆ ವ್ಯೂ ಒಂದೇ ಅನ್ನುವುದು ಕಳ್ಳತನ.

ಸೇಂಟ್ ಮೊರಿಟ್ಜ್‌ನಲ್ಲಿ ರೈಲು ಬದಲಿಸುವಾಗ ನಾನು ಏಜೆನ್ಸಿಯ ಹುಡುಗನಿಗೆ ಇನ್ನೊಂದು ಸಲ ಕೇಳಿದೆ. ತಿರಾನೊದಿಂದ ಮಿಲಾನ್‌ಗೆ ಟಿಕೆಟ್ ಬೇಕಾ? ಬರವಣಿಗೆಯಲ್ಲಿ ಹೇಳಿ ಅಂದೆ. ಬಂದ ಉತ್ತರ: "100% ಪಾಸ್‌ನಲ್ಲೇ ಇದೆ ಮೇಡಂ. ನೋ ಟೆನ್ಷನ್." ಪಕ್ಕದಲ್ಲಿ ಕೈಮುಗಿಯುವ ಚಿತ್ರ ಬೇರೆ.

ತಿರಾನೊ ಇಟಲಿಯ ಊರು. ಸ್ವಿಸ್ ರೈಲು ಅಲ್ಲಿವರೆಗೆ ಬರುತ್ತದೆ, ಪಾಸ್ ಕೂಡ ಅಲ್ಲಿಗೇ ಮುಗಿಯುತ್ತದೆ. ಪಕ್ಕದಲ್ಲೇ ಇಟಲಿಯವರ ಸ್ಟೇಷನ್. ಮಿಲಾನ್‌ಗೆ ಎರಡೂವರೆ ಗಂಟೆಯ ಪ್ರಾದೇಶಿಕ ರೈಲು. ಅದರ ಟಿಕೆಟ್ ದುಬಾರಿಯೂ ಅಲ್ಲ. ಆ ಸ್ಟೇಷನ್‌ನಲ್ಲೇ ಐದು ನಿಮಿಷದಲ್ಲಿ ಸಿಗುತ್ತದೆ. ಬೇಕು ಅಂತ ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಂದೇ ಒಂದು ಮಾತು.

ಸೋಂದ್ರಿಯೊ ದಾಟಿದ ಮೇಲೆ ಟಿಸಿ ಬಂದರು. ಪಾಸ್ ನೋಡಿ ತಲೆ ಅಲ್ಲಾಡಿಸಿದರು. ಸ್ವಿಸ್, ಸ್ವಿಸ್, ಇಲ್ಲಿ ನಡೆಯಲ್ಲ ಅಂದರು. ವೋಚರ್, ಮೆಸೇಜ್ ಎಲ್ಲ ತೋರಿಸಿದೆ. ಅವರ ಮಟ್ಟಿಗೆ ಆ ಕಾಗದಕ್ಕೆ ಬೆಲೆಯೇ ಇಲ್ಲ, ನಾವು ಟಿಕೆಟ್ ಇಲ್ಲದೆ ಹತ್ತಿದವರು. ಎದುರು ಸೀಟಿನವರು, ಪಕ್ಕದ ಸೀಟಿನವರು ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಮಾವ ನನ್ನ ಕಡೆ ತಿರುಗಿ, "ಟಿಕೆಟ್ ಇಲ್ಲಂತ ಏನವಾ? ರೊಕ್ಕಾ ಕೊಟ್ಟೇವಲ್ಲಾ?" ಅಂದರು. ಜನ್ಮದಲ್ಲಿ ಒಂದು ದಿನ ಟಿಕೆಟ್ ಇಲ್ಲದೆ ರೈಲು ಹತ್ತಿದವರಲ್ಲ. ರೈಲ್ವೆಯ ಮನುಷ್ಯ. ಟಿಸಿಯ ಮುಂದೆ ಎದ್ದು ನಿಂತುಬಿಟ್ಟರು. ಕೂತುಕೊಳ್ಳಿ ಮಾವ ಅಂದರೂ ಕೂರಲಿಲ್ಲ. ದಂಡ ಸೇರಿಸಿ ಫಾರೆಕ್ಸ್ ಕಾರ್ಡ್‌ನಲ್ಲಿ ಕಟ್ಟಿದೆವು. ಕೋಮೊ ಸರೋವರದ ಪಕ್ಕದಲ್ಲೇ ರೈಲು ಹೋಗುತ್ತದೆ, ಎಷ್ಟೋ ಜನ ಅದನ್ನು ನೋಡಲೆಂದೇ ಬರುತ್ತಾರೆ. ನಮ್ಮಲ್ಲಿ ಒಬ್ಬರೂ ಆ ಕಡೆ ನೋಡಲಿಲ್ಲ.

ದಂಡ ಹಾಕಿದ ಟಿಸಿಯ ಮೇಲೆ ನನಗೆ ಸಿಟ್ಟಿಲ್ಲ. ಅವರು ಅವರ ಕೆಲಸ ಮಾಡಿದರು.

ಊರಿಗೆ ಬಂದು ಆಫೀಸ್‌ಗೆ ಹೋದೆವು. ಆ ಹುಡುಗ "ಫೀಲ್ಡ್‌ನಲ್ಲಿದ್ದಾರೆ". ಮ್ಯಾನೇಜರ್ ಬಂದರು. ಮಕ್ಕಳ ಕಾರ್ಡ್‌ನ ದುಡ್ಡು ಕೇಳಿದರೆ "ಅದು ಸರ್ವಿಸ್ ಚಾರ್ಜ್ ಮೇಡಂ". ಬಿಲ್‌ನಲ್ಲಿ ಚೈಲ್ಡ್ ಪಾಸ್ ಅಂತ ಇದೆಯಲ್ಲ ಅಂದರೆ "ಸಿಸ್ಟಂನಲ್ಲಿ ಹಾಗೇ ಬರುತ್ತೆ". ಪನೋರಮಾ ಸೀಟ್ ಕೇಳಿದರೆ "ಅಲ್ಲಿನ ಪಾರ್ಟ್ನರ್ ಕಡೆಯಿಂದ ಮಿಸ್ ಆಗಿದೆ". ದಂಡದ ರಸೀದಿ ತೋರಿಸಿದರೆ "ಹತ್ತೋ ಮುಂಚೆ ನೀವೇ ಒಂದ್ಸಲ ಚೆಕ್ ಮಾಡ್ಬೇಕಿತ್ತು". ನಾನು ಕೇಳಿದ್ದೆ! ಎರಡು ಸಲ ಕೇಳಿದ್ದೆ! ಚೆಕ್ ಮಾಡುವುದಕ್ಕೇ ತಾನೇ ಅವರಿಗೆ ದುಡ್ಡು ಕೊಟ್ಟಿದ್ದು? ಕೊನೆಗೆ ಮುಂದಿನ ಟ್ರಿಪ್‌ಗೆ ಡಿಸ್ಕೌಂಟ್ ವೋಚರ್ ಕೊಡುತ್ತೇವೆ ಅಂದರು. ಇವರ ಜೊತೆ ಮುಂದಿನ ಟ್ರಿಪ್!

ಹೋಗುವವರಿಗೆ ಹೇಳುವುದು ಇಷ್ಟು. ಸ್ವಿಸ್ ಪಾಸ್ ನಡೆಯುವುದು ಬರ್ನಿನಾ ಕಡೆ ತಿರಾನೊವರೆಗೆ, ಲುಗಾನೊ ಕಡೆ ಕಿಯಾಸ್ಸೊವರೆಗೆ, ಬ್ರಿಗ್ ಕಡೆ ಡೊಮೊದೊಸ್ಸೊಲಾವರೆಗೆ. ಅಲ್ಲಿಂದ ಮುಂದೆ ಇಟಲಿಯ ಟಿಕೆಟ್ ಬೇಕೇ ಬೇಕು. ಮಕ್ಕಳ ಫ್ಯಾಮಿಲಿ ಕಾರ್ಡ್ ಕೂಡ ಇಟಲಿಯಲ್ಲಿ ನಡೆಯುವುದಿಲ್ಲ. ಜ್ಯೂರಿಕ್‌ನಿಂದ ಗೊಟ್ಟಾರ್ಡ್‌ನ 57 ಕಿಲೋಮೀಟರ್ ಸುರಂಗದ ಮೂಲಕ ಮಿಲಾನ್‌ಗೆ ಮೂರೂಕಾಲು ಗಂಟೆಯ ಆಸುಪಾಸಿನಲ್ಲಿ ಹೋಗುವ ಯೂರೋಸಿಟಿ ರೈಲು ಇದೆ. ಅದರಲ್ಲಿ ಗಡಿ ದಾಟುವುದಾದರೆ ಸೀಟ್ ರಿಸರ್ವೇಶನ್ ಕಡ್ಡಾಯ, ಪಾಸ್ ಇದ್ದರೂ ಕಡ್ಡಾಯ. ವಯಸ್ಸಾದವರು, ಸಾಮಾನು ಇದ್ದರೆ ಅದೇ ಒಳ್ಳೆಯದು, ಬದಲಿಸುವ ಗೋಳಿಲ್ಲ. ಮಕ್ಕಳ ಕಾರ್ಡ್ ಉಚಿತವಾದರೂ ಬರ್ನಿನಾ ಎಕ್ಸ್‌ಪ್ರೆಸ್‌ನಲ್ಲಿ ಸೀಟ್ ರಿಸರ್ವೇಶನ್‌ಗೆ ಮಕ್ಕಳೂ ದುಡ್ಡು ಕಟ್ಟಬೇಕು. ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮೊದಲು ಸ್ಟೇಷನ್‌ನ ಮೆಷಿನ್‌ನಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ಅದಕ್ಕೂ ದಂಡ. ಇದೆಲ್ಲ ಆ ದೇಶಗಳ ರೈಲ್ವೆ ಆ್ಯಪ್‌ಗಳಲ್ಲೇ ಸಿಗುತ್ತದೆ, ಏಜೆಂಟ್ ಬೇಕಾಗಿಲ್ಲ.

ಏಜೆಂಟ್ ಮೂಲಕವೇ ಹೋಗುವುದಾದರೆ ಪೂರ್ತಿ ದುಡ್ಡು ಕೊಡುವ ಮೊದಲು ಬೋಗಿ ನಂಬರ್, ಸೀಟ್ ನಂಬರ್ ಇರುವ ರೈಲ್ವೆಯ ಅಸಲಿ ಟಿಕೆಟ್ ಕೇಳಿ. ಏಜೆನ್ಸಿಯ ಲೋಗೋ ಇರುವ ವೋಚರ್ ಬೇಡ. ಕೊಡಲ್ಲ ಅಂದರೆ ಎದ್ದು ಬನ್ನಿ. ಫೋನ್‌ನಲ್ಲಿ ಹೇಳಿದ್ದನ್ನು ಬರೆದು ಕಳಿಸಲು ಹೇಳಿ. ನಮ್ಮ ದೂರು ಈಗ ನಿಂತಿರುವುದೇ ಆ "100%" ಮೆಸೇಜ್, ಬಿಲ್ ಮತ್ತು ದಂಡದ ರಸೀದಿಯ ಮೇಲೆ. ಯಾವುದೇ ಏಜೆನ್ಸಿಯ ಹತ್ತಿರ ಈಗಾಗಲೇ ಇಂಥ ಪ್ಯಾಕೇಜ್ ತೆಗೆದುಕೊಂಡವರು ಬಿಲ್ ತೆಗೆದು ಚೈಲ್ಡ್ ಪಾಸ್ ಅನ್ನುವ ಸಾಲು ಇದೆಯಾ ನೋಡಿ. ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ, ನಂಬರ್ ತೆಗೆದುಕೊಳ್ಳಿ.